ನಿಮ್ಮ ವಯಸ್ಸಿನ ನಕ್ಷತ್ರ ಯಾವುದು? ಹುಟ್ಟಿದಾಗ ಹೊರಟ ಬೆಳಕನ್ನು ಕಣ್ಣಾರೆ ನೋಡಲು ಸಮಗ್ರ ಮಾರ್ಗದರ್ಶಿ

2026ರ ಮಾರ್ಚ್ ತಿಂಗಳ ಒಂದು ರಾತ್ರಿ, ಊಟ ಆದ ಮೇಲೆ ಅಮ್ಮನ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದೆ. ತಿಪಟೂರಿನ ಹತ್ತಿರ ನಮ್ಮೂರು. ತೋಟದ ಕಡೆ ದೀಪ ಕಡಿಮೆ, ಹಾಗಾಗಿ ಆಕಾಶ ಇನ್ನೂ ಕಪ್ಪಾಗಿಯೇ ಇದೆ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಕುಡುಗೋಲಿನ ಹಾಗೆ ಬಾಗಿ ನಿಂತ ಐದಾರು ಚುಕ್ಕೆಗಳನ್ನು ತೋರಿಸಿದೆ. ಕುಡುಗೋಲಿನ ಹಿಡಿಯ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಉಳಿದವಕ್ಕಿಂತ ಜೋರಾಗಿ ಹೊಳೆಯುತ್ತಿತ್ತು.

"ಅಮ್ಮ, ಈಗ ನಿನ್ನ ಕಣ್ಣಿಗೆ ಬೀಳ್ತಿರೋ ಆ ಬೆಳಕು ಅಲ್ಲಿಂದ ಹೊರಟಾಗ ನೀನು ತೊಟ್ಟಿಲಲ್ಲಿದ್ದೆ."

ಅಮ್ಮ ಹುಟ್ಟಿದ್ದು 1946ರ ನವೆಂಬರ್‌ನಲ್ಲಿ. ಆ ಚುಕ್ಕೆ ಮಘಾ ನಕ್ಷತ್ರ, ದೂರ ಸುಮಾರು 79.3 ಜ್ಯೋತಿರ್ವರ್ಷ. ಅಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ನಂದು ಉತ್ತರಾಷಾಢ ಅಲ್ವೇನೋ? ಇದು ಮಘೆ."

ಆ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ. ಅದರಿಂದಲೇ ಶುರು ಮಾಡೋಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಕನ್ನಡದಲ್ಲಿ "ನಿನ್ನ ನಕ್ಷತ್ರ ಯಾವುದು" ಅಂದರೆ ಜಾತಕದ ನಕ್ಷತ್ರ. ನೀವು ಹುಟ್ಟಿದ ಹೊತ್ತಿಗೆ ಚಂದ್ರ ಆಕಾಶದ ಯಾವ ಭಾಗದಲ್ಲಿದ್ದನೋ ಅದು. ಚಂದ್ರ ನಡೆಯುವ ದಾರಿಯನ್ನು 27 ಸಮಪಾಲು ಮಾಡಿದ್ದಾರೆ. ಅವನು ಒಂದು ಸುತ್ತು ಮುಗಿಸಲು ಸುಮಾರು 27.3 ದಿನ ತೆಗೆದುಕೊಳ್ಳುವುದರಿಂದ ಒಂದೊಂದು ಪಾಲಿಗೆ ಹತ್ತಿರ ಹತ್ತಿರ ಒಂದು ದಿನ ಸಿಗುತ್ತದೆ. ರೈತರು "ಈಗ ಯಾವ ಮಳೆ ನಡೀತಿದೆ" ಎಂದು ಕೇಳುವಾಗ ಹೇಳುವ ನಕ್ಷತ್ರ ಇನ್ನೊಂದು ಬಗೆಯದು. ಅಲ್ಲಿ ಲೆಕ್ಕ ಸೂರ್ಯನದು, ಒಂದೊಂದಕ್ಕೆ 13–14 ದಿನ. ಈ ಎರಡರಲ್ಲೂ ನಕ್ಷತ್ರ ಎಷ್ಟು ದೂರದಲ್ಲಿದೆ ಎಂಬ ಮಾತೇ ಇಲ್ಲ.

ಇಲ್ಲಿ ನಾವು ಹುಡುಕುವುದು ಮೂರನೆಯದು, ವಯಸ್ಸಿನ ನಕ್ಷತ್ರ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಷ್ಟು ವೇಗವಿದ್ದರೂ ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು 8 ನಿಮಿಷ 20 ಸೆಕೆಂಡು ಬೇಕು. ಒಂದು ವರ್ಷ ಓಡಿದರೆ ಕ್ರಮಿಸುವ ದೂರ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಇದೇ ಒಂದು ಜ್ಯೋತಿರ್ವರ್ಷ. ಹೆಸರಲ್ಲಿ ವರ್ಷ ಇದ್ದರೂ ಇದು ದೂರದ ಅಳತೆ. ನಿಮಗೆ 25 ವರ್ಷ ತುಂಬಿದಾಗ 25 ಜ್ಯೋತಿರ್ವರ್ಷ ದೂರದ ನಕ್ಷತ್ರ ನೋಡಿದರೆ, ನೀವು ಹುಟ್ಟಿದ ದಿನಗಳಲ್ಲಿ ಅಲ್ಲಿಂದ ಹೊರಟ ಬೆಳಕು ದಾರಿಯುದ್ದಕ್ಕೂ ಎಲ್ಲೂ ನಿಲ್ಲದೆ ಬಂದು ನಿಮ್ಮ ಕಣ್ಣೊಳಗೆ ಮುಗಿಯುತ್ತದೆ.

ಇದು ಒಂದು ನಕ್ಷತ್ರದ ಜೊತೆ ಜೀವನದಲ್ಲಿ ಒಂದೇ ಸಲ ಆಗುವ ಭೇಟಿ. ಅದಕ್ಕೇ ದಿನ ಗೊತ್ತು ಮಾಡಿಕೊಂಡು ಕಾಯಬೇಕು ಅನ್ನುತ್ತೇನೆ.

ಹಂತ 1: ವಯಸ್ಸನ್ನು ದಶಮಾಂಶದಲ್ಲಿ ಬರೆದುಕೊಳ್ಳಿ

"36 ವರ್ಷ" ಎಂದರೆ ಸಾಲದು. ಕಳೆದ ಹುಟ್ಟುಹಬ್ಬದಿಂದ ಇವತ್ತಿನವರೆಗೆ ಎಷ್ಟು ದಿನ ಆಯಿತು ಎಂದು ಎಣಿಸಿ, 365ರಿಂದ ಭಾಗಿಸಿ, ತುಂಬಿದ ವರ್ಷಗಳಿಗೆ ಕೂಡಿಸಿ. 1989ರ ಆಗಸ್ಟ್ 20ಕ್ಕೆ ಹುಟ್ಟಿದವರಿಗೆ 2026ರ ಮೇ 10ರಂದು 36 ತುಂಬಿ 263 ದಿನ. 263ನ್ನು 365ರಿಂದ ಭಾಗಿಸಿದರೆ 0.72. ವಯಸ್ಸು 36.72. ಒಂದು ಚಿಲ್ಲರೆ ಅಂಕಿ, ಅಂದರೆ 0.1 ವರ್ಷ, ಸುಮಾರು 36 ದಿನ ಎಂದು ನೆನಪಿಟ್ಟುಕೊಂಡರೆ ಆಮೇಲಿನ ಲೆಕ್ಕ ಬಾಯಲ್ಲೇ ಆಗುತ್ತದೆ.

ಹುಟ್ಟಿದ ದಿನಾಂಕ ಸರಿಯಾದದ್ದೇ ಬೇಕು. ನಮ್ಮ ಹಿರಿಯರಲ್ಲಿ ಎಷ್ಟೋ ಜನಕ್ಕೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ ತಿಂಗಳ ತಾರೀಖೇ ದಾಖಲೆಯಲ್ಲಿರುತ್ತದೆ. ಜಾತಕ ಬರೆಸಿದ್ದರೆ ಅದನ್ನು ತೆಗೆಯಿರಿ. ಸಂವತ್ಸರ, ಮಾಸ, ತಿಥಿ ಇದ್ದರೆ ಹಳೆಯ ಪಂಚಾಂಗ ನೋಡಿ ಇಂಗ್ಲಿಷ್ ತಾರೀಖು ತೆಗೆಯಬಹುದು. ನಮ್ಮ ಅಮ್ಮನ ದಿನಾಂಕ ಸಿಕ್ಕಿದ್ದೂ ಹಾಗೆಯೇ, ಅಜ್ಜ ಬರೆಸಿಟ್ಟಿದ್ದ ಹಳದಿಯಾದ ಒಂದು ಹಾಳೆಯಲ್ಲಿ.

ಹಂತ 2: ನಿಮ್ಮ ವಯಸ್ಸಿಗೆ ಮುಂದೆ ಬರುವ ನಕ್ಷತ್ರ ಆರಿಸಿ

ಇವತ್ತಿನ ವಯಸ್ಸಿಗೆ ಸರಿಯಾಗಿ ಒಂದು ನಕ್ಷತ್ರ ಸಿಗಬೇಕೆಂದು ಹಟ ಹಿಡಿಯಬೇಡಿ. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಹತ್ತಿರದ ನಕ್ಷತ್ರಗಳು ಕಡಿಮೆ. ನಿಮ್ಮ ವಯಸ್ಸಿಗಿಂತ ಸ್ವಲ್ಪ ಹೆಚ್ಚು ದೂರದ್ದು ಯಾವುದು ಎಂದು ನೋಡಿ, ಅದರ ದೂರವನ್ನು ಹುಟ್ಟಿದ ದಿನಾಂಕಕ್ಕೆ ಕೂಡಿಸಿದರೆ ಭೇಟಿಯ ತಾರೀಖು ಸಿಗುತ್ತದೆ.

ಚಿಕ್ಕ ಮಕ್ಕಳಿಂದ ಶುರು ಮಾಡುತ್ತೇನೆ. ನಾಲ್ಕು ವರ್ಷದೊಳಗಿನ ಮಗುವಿಗೆ ಸೂರ್ಯನನ್ನು ಬಿಟ್ಟರೆ ಬೇರೆ ಯಾವ ನಕ್ಷತ್ರದಿಂದಲೂ ಹುಟ್ಟಿದ ದಿನದ ಬೆಳಕು ಇನ್ನೂ ಬಂದಿರುವುದಿಲ್ಲ. ಬರಿಗಣ್ಣಿಗೆ ಮೊದಲು ಸಿಗುವುದು ಆಲ್ಫಾ ಸೆಂಟಾರಿ, 4.37 ಜ್ಯೋತಿರ್ವರ್ಷ, ಅಂದರೆ ಮಗುವಿಗೆ ನಾಲ್ಕು ವರ್ಷ ನಾಲ್ಕೂವರೆ ತಿಂಗಳು. ಇದು ತೆಂಕಣ ಆಕಾಶದ ನಕ್ಷತ್ರ. ದೆಹಲಿಯಲ್ಲಿ ದಿಗಂತಕ್ಕೆ ಅಂಟಿಕೊಂಡಿರುವುದರಿಂದ ಕಾಣುವುದಿಲ್ಲ ಎಂದೇ ಹೇಳಬೇಕು. ಲಂಡನ್ನಿನಲ್ಲಂತೂ ಹುಟ್ಟುವುದೇ ಇಲ್ಲ. ನಮಗೆ ಕರ್ನಾಟಕದಲ್ಲಿ ಆ ಭಾಗ್ಯ ಇದೆ. ಬೆಂಗಳೂರಿನಿಂದ ಮೇ ತಿಂಗಳ ರಾತ್ರಿ ಹತ್ತು ಗಂಟೆಯ ಮೇಲೆ ದಕ್ಷಿಣಕ್ಕೆ ತಿರುಗಿ ನಿಂತರೆ ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಎರಡು ಪ್ರಕಾಶಮಾನ ಚುಕ್ಕೆಗಳು ಅಕ್ಕಪಕ್ಕ ಕಾಣುತ್ತವೆ. ಎಡಗಡೆಯದು ಆಲ್ಫಾ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಮಗುವಿನ ಮುಷ್ಟಿಗೂ ಮಗುವಿನ ತೋಳಿಗೂ ಅದೇ ಲೆಕ್ಕ.

ಆಮೇಲೆ ಲುಬ್ಧಕ, ರಾತ್ರಿಯ ಆಕಾಶದಲ್ಲಿ ಎಲ್ಲಕ್ಕಿಂತ ಪ್ರಕಾಶಮಾನ ನಕ್ಷತ್ರ. ದೂರ 8.6, ಎಂಟು ವರ್ಷ ಏಳು ತಿಂಗಳಿಗೆ. ಪ್ರೋಸಿಯಾನ್ 11.5ರ ಆಸುಪಾಸು. ಅಲ್ಲಿಂದ ಹದಿನಾರರ ತನಕ ಖಾಲಿ. ಇರುವ ಒಂದೆರಡು ಊರಿನ ಕತ್ತಲೆಯಲ್ಲೂ ಮಂಕಾಗಿಯೇ ಕಾಣುತ್ತವೆ.

ಹದಿನಾರೂಮುಕ್ಕಾಲಿಗೆ ಶ್ರವಣ ಬರುತ್ತದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಶ್ರವಣ ಒಂದು ಚುಕ್ಕೆ ಅಲ್ಲ, ಸಾಲಾಗಿ ನಿಂತ ಮೂರು. ತ್ರಿವಿಕ್ರಮನ ಮೂರು ಹೆಜ್ಜೆಗಳು ಎಂದು ನಮ್ಮ ಕಡೆ ಹೇಳುತ್ತಾರೆ. ನಡುವಿನ ದೊಡ್ಡ ಚುಕ್ಕೆ 16.7 ಜ್ಯೋತಿರ್ವರ್ಷ ದೂರ, ಅದರ ಒಂದು ಪಕ್ಕದ ಮಂಕು ಚುಕ್ಕೆ ಸುಮಾರು 45, ಇನ್ನೊಂದು ಪಕ್ಕದ ಕೆಂಪು ಛಾಯೆಯ ಚುಕ್ಕೆ ಸುಮಾರು 400. ಒಂದೇ ಅಡ್ಡಗೆರೆಯಲ್ಲಿ ಪಕ್ಕಪಕ್ಕ ಕಾಣುವ ಮೂರರಲ್ಲಿ ಒಂದು ಮಗಳಿಗೆ, ಒಂದು ನಡುವಯಸ್ಸಿನ ಅಪ್ಪನಿಗೆ. ಮೂರನೆಯದು ವಿಜಯನಗರದ ಅರಸರು ಇನ್ನೂ ಆಳುತ್ತಿದ್ದ ಕಾಲದ ಬೆಳಕು. ನನ್ನ ಮಗಳು 2009ರ ಜನವರಿ ಕೊನೆಯಲ್ಲಿ ಹುಟ್ಟಿದವಳು. ಲೆಕ್ಕ ಹಾಕಿದರೆ ಭೇಟಿ 2025ರ ಅಕ್ಟೋಬರ್ ಮೂರನೇ ವಾರಕ್ಕೆ ಬಂತು, ಸರಿಯಾಗಿ ದೀಪಾವಳಿಗೆ. ಬಲಿಪಾಡ್ಯಮಿ ಅಕ್ಟೋಬರ್ 22ಕ್ಕಿತ್ತು. ವಾಮನ ಮೂರು ಹೆಜ್ಜೆ ಅಳೆದ ಕಥೆ ಹೇಳುವ ದಿನವೇ ಮೂರು ಹೆಜ್ಜೆಗಳ ನಕ್ಷತ್ರ ನೋಡುವುದೆಂದು ಅವಳು ಕುಣಿದಾಡಿದಳು. ಹಬ್ಬದ ದಿನಗಳಲ್ಲಿ ಮೋಡ, ಮೇಲೆ ಪಟಾಕಿ ಹೊಗೆ. ನೋಡಿದ್ದು ಮುಂದಿನ ವಾರ, ಸಂಜೆ ಏಳೂವರೆಗೆ, ನೆತ್ತಿಯಿಂದ ಸ್ವಲ್ಪ ಪಶ್ಚಿಮಕ್ಕೆ. ಒಂದು ವಾರ ತಡವಾದರೂ ಲೆಕ್ಕ ಕೆಡಲಿಲ್ಲ. ಯಾಕೆ ಎಂದು ಮೂರನೇ ಹಂತದಲ್ಲಿ ಹೇಳುತ್ತೇನೆ.

ಇಪ್ಪತ್ತರ ಹರೆಯದವರು 25ರ ತನಕ ಕಾಯಬೇಕು. ಕಾದಿದ್ದಕ್ಕೆ ಎರಡು ಸಿಗುತ್ತವೆ: ಅಭಿಜಿತ್ 25.04, ಫೋಮಲ್‌ಹಾಟ್ 25.1. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಎರಡರ ಭೇಟಿಗೂ ನಡುವೆ ಸುಮಾರು ಒಂದು ತಿಂಗಳು ಅಷ್ಟೆ. ಅಕ್ಟೋಬರ್ ಸಂಜೆ ಎಂಟಕ್ಕೆ ವಾಯವ್ಯಕ್ಕೆ ಒಂದು, ಆಗ್ನೇಯಕ್ಕೆ ಒಂದು, ಎರಡನ್ನೂ ಒಂದೇ ಜಾಗದಲ್ಲಿ ನಿಂತು ನೋಡಬಹುದು.

ಮೂವತ್ತರಿಂದ ನಲವತ್ತರ ನಡುವೆ ಇರುವವರಿಗೆ ಆಕಾಶ ತುಂಬಿದೆ. ಪುನರ್ವಸುವಿನ ಅವಳಿಗಳಲ್ಲಿ ಪೊಲಕ್ಸ್ 33.8. ಇನ್ನೊಂದು ಅವಳಿ ಕ್ಯಾಸ್ಟರ್ ಸುಮಾರು 51. ಅವಳಿಗಳೆಂದು ಕರೆದರೂ ನಡುವೆ 17 ಜ್ಯೋತಿರ್ವರ್ಷಗಳ ಅಂತರ. ಉತ್ತರಾ ಫಲ್ಗುಣಿ, ಅಂದರೆ ಸಿಂಹದ ಬಾಲದ ಚುಕ್ಕೆ, 35.9. ಸ್ವಾತಿ 36.7. ನನ್ನ ಮಟ್ಟಿಗೆ ವಯಸ್ಸಿನ ನಕ್ಷತ್ರಗಳಲ್ಲಿ ಸ್ವಾತಿಯೇ ಅತಿ ಸುಂದರ. ಮೇ ತಿಂಗಳ ರಾತ್ರಿ ಎತ್ತರದಲ್ಲಿ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿರುತ್ತದೆ, ಬೆಂಗಳೂರಿನ ದೀಪಗಳ ನಡುವೆಯೂ ತಪ್ಪಿಸಿಕೊಳ್ಳುವುದಿಲ್ಲ.

ಬ್ರಹ್ಮಹೃದಯ 42.8. ನಲವತ್ತೆಂಟೂವರೆಗೆ ರಾಸಲ್‌ಹೇಗ್. ಐವತ್ತೆಂಟು ಐವತ್ತೊಂಬತ್ತರ ನಡುವೆ ಮೂರು ಸಿಗುತ್ತವೆ: ಸಿಂಹದ ಸೊಂಟದಲ್ಲಿರುವ ಹುಬ್ಬಾ ನಕ್ಷತ್ರದ ಚುಕ್ಕೆ, ಅಶ್ವಿನಿಯ ಚುಕ್ಕೆ, ತೆಂಕಣದ ಮೆಂಕೆಂಟ್. ಷಷ್ಟ್ಯಬ್ದಿಯ 60ಕ್ಕೆ ಸರಿಯಾಗಿ ಥಟ್ಟನೆ ಗುರುತು ಸಿಗುವ ನಕ್ಷತ್ರ ಇಲ್ಲ, ಹಾಗಾಗಿ ಶಾಂತಿಗೆ ಒಂದು ವರ್ಷ ಮೊದಲೇ ಅಶ್ವಿನಿಯನ್ನು ತೋರಿಸಿಬಿಡಿ. ರೋಹಿಣಿ ಸುಮಾರು 66.

ಎಪ್ಪತ್ತಕ್ಕೆ ಒಂದು ವಿಶೇಷ ಇದೆ. ಮಹಾವ್ಯಾಧನ (ಇಂಗ್ಲಿಷಿನ ಓರಿಯನ್) ಕಾಲಿನ ಕೆಳಗೆ ಮೊಲದ ಆಕಾರದ ಒಂದು ಚಿಕ್ಕ ನಕ್ಷತ್ರಪುಂಜ. ಅದರಲ್ಲಿ ಝೀಟಾ ಲೆಪೋರಿಸ್ ಎಂಬ ಮಂಕು ಚುಕ್ಕೆ 70.5 ಜ್ಯೋತಿರ್ವರ್ಷ ದೂರದಲ್ಲಿದೆ. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನ, ಅಲ್ಲಿಂದ ಹೊರಟ ಬೆಳಕು 2027ರ ಏಪ್ರಿಲ್ ಕೊನೆಯ ಆಸುಪಾಸಿನಲ್ಲಿ ಇಲ್ಲಿಗೆ ತಲುಪುತ್ತದೆ. ಏಕೀಕರಣದ ವರ್ಷ ಹುಟ್ಟಿದವರು ನಿಮ್ಮ ಮನೆಯಲ್ಲಿದ್ದರೆ ಆ ಏಪ್ರಿಲ್‌ನಲ್ಲಿ ಕತ್ತಲಾಗುತ್ತಿದ್ದಂತೆ ಅವರನ್ನು ಹೊರಗೆ ಕರೆದುಕೊಂಡು ಬನ್ನಿ. ಊರಿನಿಂದ ಆಚೆ ಹೋಗಬೇಕಾಗುತ್ತದೆ, ಪಟ್ಟಣದಲ್ಲಿ ಅದು ಕಾಣುವುದಿಲ್ಲ.

ಸಾವಿರ ಚಂದ್ರರನ್ನು ಕಂಡವರಿಗೆ ಅತ್ರಿ

ಎಂಬತ್ತು ದಾಟಿದವರಿಗೆ ನಮ್ಮಲ್ಲಿ ಸಹಸ್ರ ಚಂದ್ರ ದರ್ಶನ ಶಾಂತಿ ಮಾಡಿಸುತ್ತಾರೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ 29.53 ದಿನ. ಸಾವಿರ ಹುಣ್ಣಿಮೆಗೆ 29,530 ದಿನ. ಅಂದರೆ 80 ವರ್ಷ 10 ತಿಂಗಳು.

ಈಗ ಸಪ್ತರ್ಷಿ ಮಂಡಲ ನೋಡಿ. ಏಳರಲ್ಲಿ ನಡುವಿನ ಐದು, ಅಂದರೆ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಎಲ್ಲವೂ 80ರಿಂದ 83 ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿವೆ. ಕಾಕತಾಳೀಯ ಅಲ್ಲ, ಆ ಐದೂ ಒಂದೇ ಕಾಲಕ್ಕೆ ಒಟ್ಟಿಗೆ ಹುಟ್ಟಿ ಈಗಲೂ ಒಂದೇ ದಿಕ್ಕಿಗೆ ಜೊತೆಯಾಗಿ ಸಾಗುತ್ತಿರುವ ಒಡಹುಟ್ಟಿದ ನಕ್ಷತ್ರಗಳು. ತುದಿಯ ಎರಡು, ಕ್ರತು ಮತ್ತು ಮರೀಚಿ, ಆ ಗುಂಪಿಗೆ ಸೇರಿದವಲ್ಲ, ಇನ್ನೂ ದೂರ ಇವೆ. ಐದರಲ್ಲಿ ಅತ್ರಿಯ ದೂರ 80.5. ಚೌಕಕ್ಕೂ ಬಾಲಕ್ಕೂ ಸೇರುವ ಜಾಗದಲ್ಲಿರುವ, ಏಳರಲ್ಲೇ ಅತಿ ಮಂಕಾದ ಚುಕ್ಕೆ ಅದು. ಪುರಾಣದಲ್ಲಿ ಚಂದ್ರ ಅತ್ರಿಯ ಮಗ. ಸಾವಿರನೆಯ ಹುಣ್ಣಿಮೆ ಕಾಣುವುದಕ್ಕೆ ನಾಲ್ಕು ತಿಂಗಳು ಮೊದಲು, ಚಂದ್ರನ ತಂದೆಯ ಹೆಸರಿಟ್ಟ ನಕ್ಷತ್ರದಿಂದ ಆ ಹಿರಿಯರು ಹುಟ್ಟಿದ ಹೊತ್ತಿನ ಬೆಳಕು ಬರುತ್ತದೆ. ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಬಂದಾಗ ನಾನು ಮತ್ತೆ ಮತ್ತೆ ಭಾಗಿಸಿ ನೋಡಿದೆ. ದೂರ ಅಳೆದವರಿಗೆ ಪುರಾಣ ಗೊತ್ತಿರಲಿಲ್ಲ, ಪುರಾಣ ಹೇಳಿದವರಿಗೆ ದೂರ ಗೊತ್ತಿರಲಿಲ್ಲ, ಎರಡೂ ಒಂದೇ ಚುಕ್ಕೆಯಲ್ಲಿ ಬಂದು ಕೂತಿವೆ. ಶಾಂತಿಗೆ ಬಂದ ನೆಂಟರಿಗೆಲ್ಲ ರಾತ್ರಿ ಹತ್ತು ನಿಮಿಷ ತಾರಸಿಗೆ ಬನ್ನಿ ಎಂದು ಕರೆಯಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಹಂತ 3: ದೂರವನ್ನು ನೀವೇ ಪರೀಕ್ಷಿಸಿ, ತಪ್ಪಿನ ಅಂಚು ತಿಳಿದುಕೊಳ್ಳಿ

ಒಂದು ಆ್ಯಪ್‌ನಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಇನ್ನೊಂದು ಇರುತ್ತದೆ. ಗಾಬರಿ ಬೇಡ, ಮೂಲಕ್ಕೆ ಹೋಗಿ.

ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಎದುರು ಬೆರಳು ಅತ್ತಿತ್ತ ಜಿಗಿಯುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು. ಭೂಮಿ ಜನವರಿಯಲ್ಲಿ ಸೂರ್ಯನ ಒಂದು ಬದಿಗೆ, ಜುಲೈನಲ್ಲಿ ಇನ್ನೊಂದು ಬದಿಗೆ ಇರುತ್ತದಲ್ಲ, ಆ ಎರಡು "ಕಣ್ಣು"ಗಳಿಂದ ನೋಡಿದರೆ ಹತ್ತಿರದ ನಕ್ಷತ್ರವೂ ದೂರದವುಗಳ ಎದುರು ಕೂದಲೆಳೆಯಷ್ಟು ಜಿಗಿಯುತ್ತದೆ. ಇದೇ ಪ್ಯಾರಲಾಕ್ಸ್. 1838ರಲ್ಲಿ ಜರ್ಮನಿಯ ಬೆಸೆಲ್ ಹಂಸ ನಕ್ಷತ್ರಪುಂಜದ 61 ಸಿಗ್ನಿ ಎಂಬ ಮಂಕು ನಕ್ಷತ್ರದ ಜಿಗಿತವನ್ನು ಅಳೆದು ಪ್ರಕಟಿಸಿದ. ಅಲ್ಲಿಯವರೆಗೆ ಅಂದಾಜುಗಳಿದ್ದವೇ ಹೊರತು ನಂಬಬಹುದಾದ ಅಳತೆ ಇರಲಿಲ್ಲ. ಯುರೋಪಿನ ಹಿಪ್ಪಾರ್ಕಸ್ ಉಪಗ್ರಹ 1989ರಲ್ಲಿ ಮೇಲೇರಿ 1 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆಯಿತು. 2013ರಲ್ಲಿ ಹಾರಿದ ಗಯಾ 100 ಕೋಟಿಯನ್ನೂ ಮೀರಿಸಿತು. ಆದರೆ ಗಯಾದ ಕಣ್ಣಿಗೆ ಅತಿ ಪ್ರಕಾಶಮಾನ ನಕ್ಷತ್ರಗಳು ಕೋರೈಸುತ್ತಿದ್ದವು. ಹಾಗಾಗಿ ಸ್ವಾತಿ, ಅಭಿಜಿತ್, ಶ್ರವಣಗಳಂಥವಕ್ಕೆ ಈಗಲೂ ಹಿಪ್ಪಾರ್ಕಸ್‌ನ ಅಂಕಿಯನ್ನೇ ಬಳಸುತ್ತೇವೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನವರು ನಡೆಸುವ ಸಿಂಬಾಡ್ ಎಂಬ ದತ್ತಾಂಶ ಕೋಶ ಎಲ್ಲರಿಗೂ ಉಚಿತ. ನಕ್ಷತ್ರದ ಇಂಗ್ಲಿಷ್ ಹೆಸರು ಹಾಕಿ ಹುಡುಕಿದರೆ ಪ್ಯಾರಲಾಕ್ಸ್ ಅನ್ನು ಮಿಲಿ ಆರ್ಕ್‌ಸೆಕೆಂಡ್ ಎಂಬ ಕೋನದ ಅತಿ ಚಿಕ್ಕ ಅಳತೆಯಲ್ಲಿ ಕೊಡುತ್ತದೆ. 3261.6 ಅನ್ನು ಆ ಅಂಕಿಯಿಂದ ಭಾಗಿಸಿ, ಜ್ಯೋತಿರ್ವರ್ಷ ಸಿಗುತ್ತದೆ. ಅಭಿಜಿತ್‌ಗೆ (ವೇಗಾ ಎಂದು ಹುಡುಕಬೇಕು) ಪ್ಯಾರಲಾಕ್ಸ್ 130.23. ಭಾಗಿಸಿದರೆ 25.04. ಪೊಲಕ್ಸ್‌ಗೆ 96.54, ಉತ್ತರ 33.8. ಮಕ್ಕಳ ಕೈಯಲ್ಲಿ ಮಾಡಿಸಿ, ಆರನೇ ಕ್ಲಾಸಿನ ಭಾಗಾಕಾರ ಸಾಕು.

ಅಲ್ಲೇ ಪಕ್ಕದಲ್ಲಿ ತಪ್ಪಿನ ಅಂಚೂ ಇರುತ್ತದೆ, ಅದನ್ನು ಬಿಡಬೇಡಿ. ಶ್ರವಣದ ದೂರದಲ್ಲಿ ಅನಿಶ್ಚಿತತೆ ಸುಮಾರು 18 ದಿನ ಆಚೀಚೆ. ಅಭಿಜಿತ್‌ಗೆ ಸುಮಾರು 25 ದಿನ. ಸ್ವಾತಿಗೆ ಎರಡೂವರೆ ತಿಂಗಳ ಮೇಲೆ. ಮಘಾಗೆ ಎಂಟು ತಿಂಗಳು. ರೋಹಿಣಿಗೆ ಒಂದು ವರ್ಷವೇ. ಹತ್ತಿರದವುಗಳ ಜಿಗಿತ ದೊಡ್ಡದು, ಅಳತೆ ನಿಖರ. ದೂರ ಹೋದಂತೆ ಅಂಚು ಹಿಗ್ಗುತ್ತದೆ. ಆದ್ದರಿಂದ "ಇದೇ ದಿನ, ಇದೇ ಗಂಟೆಗೆ ನಿಮ್ಮ ಜನ್ಮದ ಬೆಳಕು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. "ಈ ತಿಂಗಳುಗಳಲ್ಲಿ" ಎನ್ನುವುದೇ ಪ್ರಾಮಾಣಿಕ ಮಾತು. ನನ್ನ ಮಗಳ ವಿಷಯದಲ್ಲಿ ಒಂದು ವಾರ ತಡವಾದದ್ದು ಆ 18 ದಿನಗಳೊಳಗೇ ಬಿತ್ತು. ಮೋಡ ಬಂದರೆ ಹತಾಶರಾಗಬೇಕಿಲ್ಲ.

ಹಂತ 4: ಆ ದಿನಕ್ಕೆ ನಕ್ಷತ್ರ ಆಕಾಶದಲ್ಲಿ ಇರುತ್ತದೆಯೇ?

ತಾರೀಖು ಸಿಕ್ಕಿತು, ಆದರೆ ಆ ತಿಂಗಳು ನಕ್ಷತ್ರ ಸೂರ್ಯನ ಪಕ್ಕದಲ್ಲಿದ್ದರೆ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಇದನ್ನು ತಿಳಿಯಲು ನಮ್ಮ ರೈತರ ಮಳೆ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಯಾವ ನಕ್ಷತ್ರದ ಮಳೆ ನಡೆಯುತ್ತಿದೆಯೋ ಸೂರ್ಯ ಆ ನಕ್ಷತ್ರದಲ್ಲಿದ್ದಾನೆ, ಅಂದರೆ ಅದು ಕಾಣುವುದಿಲ್ಲ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ರೋಹಿಣಿ ಮಳೆ, ಆಗ ರೋಹಿಣಿ ನಕ್ಷತ್ರ ಮರೆ. ಜುಲೈನಲ್ಲಿ ಪುನರ್ವಸು. "ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು" ಎಂದು ಅನ್ನುವ ಆಗಸ್ಟ್ ಎರಡನೇ ಪಕ್ಷದಲ್ಲಿ ಮೋಡ ಇಲ್ಲದಿದ್ದರೂ ಮಘಾ ಕಾಣುತ್ತಿರಲಿಲ್ಲ. ಆ ಮಳೆಯಿಂದ ಆರು ತಿಂಗಳು ಎಣಿಸಿ: ಮಘಾಗೆ ಫೆಬ್ರವರಿ, ರೋಹಿಣಿಗೆ ಡಿಸೆಂಬರ್. ಆಗ ಆ ನಕ್ಷತ್ರ ಸಂಜೆ ಹುಟ್ಟಿ ರಾತ್ರಿಯಿಡೀ ಇರುತ್ತದೆ. ಸೂರ್ಯನ ದಾರಿಯಿಂದ ದೂರ ಇರುವ ಸ್ವಾತಿ, ಅಭಿಜಿತ್, ಶ್ರವಣಗಳಿಗೆ ಈ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲ.

ಸಂಜೆ ಸಿಗದಿದ್ದರೆ ಬೆಳಗಿನ ಜಾವ ಏಳಿ. ಬೆಳಗ್ಗೆ ಐದರ ಆಕಾಶ ಎಂದರೆ ಇನ್ನು ನಾಲ್ಕೂವರೆ ತಿಂಗಳಿಗೆ ರಾತ್ರಿ ಎಂಟಕ್ಕೆ ಕಾಣುವ ಆಕಾಶ.

ಹಂತ 5: ಹೊರಗೆ ಹೋಗಿ, ಸರಿಯಾದ ಚುಕ್ಕೆಯನ್ನೇ ಗುರುತಿಸಿ

ಫೋನಿನಲ್ಲಿ ಸ್ಟೆಲೇರಿಯಮ್ ಎಂಬ ಆಕಾಶ ನಕ್ಷೆಯ ಆ್ಯಪ್ ಹಾಕಿಕೊಂಡರೆ ಕೆಲಸ ಹಗುರ. ನಕ್ಷತ್ರ ಮುಟ್ಟಿದರೆ ಹೆಸರೂ ದೂರವೂ ಬರುತ್ತದೆ. ಆದರೆ ಪರದೆಯನ್ನು ಕೆಂಪು ಬೆಳಕಿಗೆ ತಿರುಗಿಸಿಕೊಳ್ಳಿ, ಇಲ್ಲವೇ ನೋಡಿ ಜೇಬಿಗೆ ಹಾಕಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ಒಂದು ಸಲ ಬಿಳಿ ಪರದೆ ನೋಡಿದರೆ ಮತ್ತೆ ಮೊದಲಿಂದ.

ಆ್ಯಪ್ ಇಲ್ಲದೆಯೂ ದಾರಿ ಉಂಟು. ಡಿಸೆಂಬರ್, ಜನವರಿಯ ರಾತ್ರಿ ಎಂಟಕ್ಕೆ ಪೂರ್ವದಲ್ಲಿ ಮಹಾವ್ಯಾಧನ ಸೊಂಟದ ಮೂರು ಚುಕ್ಕೆಗಳು ಒಂದರ ಮೇಲೊಂದು ಪೇರಿಸಿದ ಹಾಗೆ ನಿಂತಿರುತ್ತವೆ. ಆ ಗೆರೆಯನ್ನು ಮೇಲಕ್ಕೆ ಎಳೆಯಿರಿ, ಕೆಂಪಗಿನ ರೋಹಿಣಿ. ಕೆಳಕ್ಕೆ ಎಳೆಯಿರಿ, ಲುಬ್ಧಕ. ಏಪ್ರಿಲ್, ಮೇನಲ್ಲಿ ಉತ್ತರಕ್ಕೆ ತಿರುಗಿ ಸಪ್ತರ್ಷಿಗಳ ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಸ್ವಾತಿ ಸಿಗುತ್ತದೆ. ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ಚಿತ್ರಾ. ಅದು ಸುಮಾರು 250 ಜ್ಯೋತಿರ್ವರ್ಷ ದೂರ, ಯಾರ ವಯಸ್ಸಿಗೂ ಎಟುಕದು.

ಗ್ರಹಗಳನ್ನು ನೋಡಿ ಮೋಸ ಹೋಗಬೇಡಿ. ಅಮ್ಮನಿಗೆ ಮಘಾ ತೋರಿಸಿದ ರಾತ್ರಿ ನೆತ್ತಿಯ ಹತ್ತಿರ, ಪುನರ್ವಸುವಿನ ಬಳಿ ಗುರು ಇದ್ದ. ಪಕ್ಕದ ಮನೆಯ 33 ವರ್ಷದ ಹುಡುಗ ಅದನ್ನೇ ತನ್ನ ಪೊಲಕ್ಸ್ ಎಂದುಕೊಂಡಿದ್ದ. ಗುರುವಿನ ಬೆಳಕು ನಮ್ಮ ಬಳಿಗೆ ಬರಲು ಒಂದು ಗಂಟೆಯೂ ಬೇಕಿಲ್ಲ. ಗ್ರಹ ನಿಶ್ಚಲವಾಗಿ ಬೆಳಗುತ್ತದೆ, ನಕ್ಷತ್ರ ಮಿನುಗುತ್ತದೆ. ಅವನಿಗೆ ಅದನ್ನೇ ಪಕ್ಕಪಕ್ಕ ತೋರಿಸಿದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರಿಗೆ ಲುಬ್ಧಕ, ಸ್ವಾತಿ, ಅಭಿಜಿತ್, ಬ್ರಹ್ಮಹೃದಯ, ಶ್ರವಣ, ರೋಹಿಣಿ, ಪೊಲಕ್ಸ್, ಮಘಾ ತಾರಸಿಯಿಂದಲೇ ಸಿಗುತ್ತವೆ. ಅತ್ರಿ, ಝೀಟಾ ಲೆಪೋರಿಸ್‌ನಂಥವಕ್ಕೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಿಗೆ ಹೋಗಿ. ಮಕ್ಕಳಿಗೆ ಮೊದಲು ಆಕಾಶದ ನಕ್ಷೆ ಪರಿಚಯ ಆಗಬೇಕೆಂದರೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ ಎರಡೂ ಒಳ್ಳೆಯ ಆರಂಭ. ಅಮೆರಿಕ, ಯುರೋಪಿನಲ್ಲಿರುವ ನಮ್ಮವರಿಗೆ ಬ್ರಹ್ಮಹೃದಯ ಮತ್ತು ಅಭಿಜಿತ್ ನಮಗಿಂತ ಎತ್ತರದಲ್ಲಿ, ಹೆಚ್ಚು ತಿಂಗಳು ಸಿಗುತ್ತವೆ. ಊರಿನಲ್ಲಿರುವ ಅಜ್ಜಿಯೂ ಅಲ್ಲಿರುವ ಮೊಮ್ಮಗನೂ ಫೋನಿನಲ್ಲಿ ಮಾತಾಡುತ್ತಾ ಒಂದೇ ವಾರ ಒಂದೇ ಚುಕ್ಕೆ ನೋಡಬಹುದು, ಹೊತ್ತು ಮಾತ್ರ ಬೇರೆ.

ಒಂದು ಎಚ್ಚರಿಕೆ

ಹುಟ್ಟುಹಬ್ಬಕ್ಕೆ ನಕ್ಷತ್ರ ಕೊಂಡುಕೊಳ್ಳಿ, ನಿಮ್ಮ ಹೆಸರಿಡುತ್ತೇವೆ, ಪ್ರಮಾಣಪತ್ರ ಕಳಿಸುತ್ತೇವೆ ಎನ್ನುವವರಿದ್ದಾರೆ. ನಕ್ಷತ್ರಗಳಿಗೆ ಅಧಿಕೃತ ಹೆಸರು ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮಾತ್ರ, ಅದು ಹೆಸರು ಮಾರುವುದಿಲ್ಲ. ಹೀಗೆ ಕೊಂಡ ಹೆಸರನ್ನು ಯಾವ ಖಗೋಳ ವಿಜ್ಞಾನಿಯೂ ಬಳಸುವುದಿಲ್ಲ, ಆ ಚುಕ್ಕೆ ಬಹುಮಟ್ಟಿಗೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ವಯಸ್ಸಿನ ನಕ್ಷತ್ರಕ್ಕೆ ಒಂದು ಪೈಸೆ ಖರ್ಚಿಲ್ಲ. ಆ ಹಣದಲ್ಲಿ ಮಗುವಿಗೆ ಒಂದು ಬೈನಾಕ್ಯುಲರ್ ಕೊಡಿಸಿ, ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಹಂತ 6: ಮನೆಯವರೆಲ್ಲರ ತಾರೀಖು ಒಂದೇ ಕಡೆ ಬರೆದಿಡಿ

ಒಬ್ಬರದು ಮಾಡಿದರೆ ಎಲ್ಲರದೂ ಬೇಕೆನ್ನಿಸುತ್ತದೆ. ಒಂದು ನೋಟುಬುಕ್ಕಿನಲ್ಲಿ ಹೆಸರು, ಹುಟ್ಟಿದ ದಿನ, ಮುಂದಿನ ನಕ್ಷತ್ರ, ದೂರ, ಭೇಟಿಯ ತಿಂಗಳು, ತಪ್ಪಿನ ಅಂಚು ಬರೆಯಿರಿ. ನೋಡಿದ ಮೇಲೆ ಎಲ್ಲಿಂದ, ಯಾರ ಜೊತೆ ನೋಡಿದಿರಿ ಎಂದು ಒಂದು ಸಾಲು ಸೇರಿಸಿ. ತೀರಿಕೊಂಡವರ ಹೆಸರನ್ನೂ ಬಿಡಬೇಡಿ. ನಮ್ಮ ಅಪ್ಪ 1944ರಲ್ಲಿ ಹುಟ್ಟಿದವರು. ಅವರು ಹುಟ್ಟಿದ ವರ್ಷ ಅಂಗಿರಸ, ವಸಿಷ್ಠರಿಂದ ಹೊರಟ ಬೆಳಕು ಈಚೆಗೆ ಬಂದು ಮುಟ್ಟುತ್ತಿದೆ. ಅವರ ಬದಲಿಗೆ ನಾವು ನಿಂತು ನೋಡುತ್ತೇವೆ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಅಮ್ಮನೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾರೆ: "2027 ಮೇ – ಅತ್ರಿ. ಸೆಪ್ಟೆಂಬರ್ – ಸಾವಿರ ಹುಣ್ಣಿಮೆ." ಮೇ ತಿಂಗಳ ಸಂಜೆ ಸಪ್ತರ್ಷಿಗಳು ಉತ್ತರಕ್ಕೆ ಚೆನ್ನಾಗಿ ಎತ್ತರದಲ್ಲಿರುತ್ತಾರೆ. ತಾರಸಿಯ ಆ ಬದಿಗೆ ತೆಂಗಿನ ಮರ ಅಡ್ಡ ಬರುತ್ತದೆಯೋ ಇಲ್ಲವೋ ಎಂದು ಅಮ್ಮ ಈಗಾಗಲೇ ಎರಡು ಸಲ ಹತ್ತಿ ನೋಡಿ ಬಂದಿದ್ದಾರೆ.